ನಲವತ್ತೇಳನೆಯ ವರ್ಣತಂತು: ಜೆರೋಮ್ ಲೆಜೂನ್ ಬದುಕು ಮತ್ತು ಗರ್ಭದಲ್ಲಿ ನಡೆಯುವ ಪರೀಕ್ಷೆಯ ಕಥೆ

ಹುಟ್ಟಿದ ಮಗುವಿನಲ್ಲಿ ಏನಾದರೂ ವ್ಯತ್ಯಾಸ ಕಂಡರೆ ನಮ್ಮಲ್ಲಿ ಮೊದಲು ಪ್ರಶ್ನೆಗೆ ಗುರಿಯಾಗುವವಳು ತಾಯಿ. ಬಸುರಿಯಾಗಿದ್ದಾಗ ಏನು ತಿಂದಳು, ಗ್ರಹಣದ ದಿನ ಹೊರಗೆ ಬಂದಿದ್ದಳೇ, ಯಾವುದನ್ನಾದರೂ ಕಂಡು ಹೆದರಿದ್ದಳೇ ಎಂದು ಮನೆಯವರೂ ನೆಂಟರೂ ಲೆಕ್ಕ ಹಾಕತೊಡಗುತ್ತಾರೆ. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಎಪ್ಪತ್ತು ವರ್ಷಗಳ ಹಿಂದೆ ಪ್ಯಾರಿಸ್‌ನಂತಹ ನಗರದಲ್ಲೂ ಹೀಗೇ ಇತ್ತು. ಅಲ್ಲಿ ಗ್ರಹಣದ ಜಾಗದಲ್ಲಿ ಸಿಫಿಲಿಸ್, ಕ್ಷಯ, ಕುಡಿತ ಮುಂತಾದ ಕಾರಣಗಳಿದ್ದವು. ವೈದ್ಯರ ಪುಸ್ತಕಗಳಲ್ಲೇ ಅವು ಜಾಗ ಪಡೆದಿದ್ದವು. ಡೌನ್ ಸಿಂಡ್ರೋಮ್ ಇರುವ ಮಗುವಿನ ತಂದೆತಾಯಿ ಆಸ್ಪತ್ರೆಯಿಂದ ಮನೆಗೆ ಹೋಗುವಾಗ ಮಗುವಿನ ಜೊತೆ ಒಂದು ಕಳಂಕವನ್ನೂ ಹೊತ್ತುಕೊಂಡು ಹೋಗಬೇಕಿತ್ತು.

ಆ ಕಳಂಕವನ್ನು ಅಳಿಸಿದ್ದು ಒಂದು ಎಣಿಕೆ. ಆ ಎಣಿಕೆಯ ಜೊತೆ ಜಗತ್ತು ನೆನಪಿಟ್ಟುಕೊಂಡ ಹೆಸರು ಫ್ರಾನ್ಸ್‌ನ ವೈದ್ಯ ಜೆರೋಮ್ ಲೆಜೂನ್ ಅವರದು. ಅದೇ ಎಣಿಕೆಯನ್ನು ಮಗು ಹುಟ್ಟುವ ಮೊದಲೇ ಮಾಡುವ ವಿಧಾನಗಳು ಮುಂದೆ ಬಂದವು. ಹೊಳೆಯುವ ಡಿಎನ್ಎ ಶೋಧಕಗಳನ್ನು ಬಳಸುವ ಫಿಶ್ ಪರೀಕ್ಷೆ ಅವುಗಳಲ್ಲೊಂದು. ತಮ್ಮ ಸಂಶೋಧನೆ ಹೀಗೆ ಬಳಕೆಯಾದ ರೀತಿಯನ್ನು ಲೆಜೂನ್ ಕೊನೆಯವರೆಗೂ ಒಪ್ಪಲಿಲ್ಲ. ಅವರ ಬದುಕಿನ ಕಥೆಯಲ್ಲಿ ಈ ವಿಜ್ಞಾನವೂ ಇದೆ, ಅದು ಎಬ್ಬಿಸಿದ ಪ್ರಶ್ನೆಗಳೂ ಇವೆ.

ಅಂಗೈ ಗೆರೆಗಳಿಂದ ಶುರು

ಲೆಜೂನ್ ಹುಟ್ಟಿದ್ದು 1926ರ ಜೂನ್ 13ರಂದು, ಪ್ಯಾರಿಸ್ ಪಕ್ಕದ ಮೋಂರೂಜ್ ಎಂಬ ಊರಿನಲ್ಲಿ. ವೈದ್ಯಕೀಯ ಓದಿದ ಮೇಲೆ 1952ರಲ್ಲಿ ಮಕ್ಕಳ ತಜ್ಞ ರೇಮಂಡ್ ಟರ್ಪಿನ್ ಅವರ ವಿಭಾಗದಲ್ಲಿ ಸಂಶೋಧಕರಾಗಿ ಸೇರಿದರು. ಅದೇ ವರ್ಷ ಡೆನ್ಮಾರ್ಕಿನ ಬಿರ್ತೆ ಅವರನ್ನು ಮದುವೆಯಾದರು. ಮುಂದೆ ಅವರಿಗೆ ಐದು ಮಕ್ಕಳಾದರು.

ಟರ್ಪಿನ್ ಅವರಿಗೆ ಒಂದು ಹಳೆಯ ಕುತೂಹಲವಿತ್ತು. 1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಒಂದು ಬಗೆಯ ಮಕ್ಕಳನ್ನು ವಿವರಿಸಿದ್ದರು. ಮುಖದ ಲಕ್ಷಣಗಳಲ್ಲಿ ಪರಸ್ಪರ ಹೋಲಿಕೆ, ನಿಧಾನವಾದ ಬುದ್ಧಿ ಬೆಳವಣಿಗೆ, ಸಡಿಲವಾದ ಸ್ನಾಯುಗಳು ಇವರ ಲಕ್ಷಣ. ಕಣ್ಣಿನ ಆಕಾರ ನೋಡಿ ಡೌನ್ ಇವರನ್ನು ಮಂಗೋಲಿಯಾದ ಜನರಿಗೆ ಹೋಲಿಸಿದ್ದರು. ಜನಾಂಗಗಳನ್ನು ಮೇಲು ಕೀಳು ಎಂದು ಜೋಡಿಸುತ್ತಿದ್ದ ಆ ಕಾಲದ ತಪ್ಪು ಕಲ್ಪನೆಯಿಂದ ಬಂದ ಹೋಲಿಕೆ ಅದು. ಆದರೂ ಮಂಗೋಲಿಸಂ ಎಂಬ ಹೆಸರು ನೂರು ವರ್ಷ ಉಳಿಯಿತು. 1961ರಲ್ಲಿ ವಿಜ್ಞಾನಿಗಳ ಒಂದು ಗುಂಪು ಲ್ಯಾನ್ಸೆಟ್ ಪತ್ರಿಕೆಗೆ ಪತ್ರ ಬರೆದು ಈ ಹೆಸರನ್ನು ಕೈಬಿಡುವಂತೆ ಕೇಳಿತು. 1965ರಲ್ಲಿ ಮಂಗೋಲಿಯಾ ದೇಶದ ಕೋರಿಕೆಯ ಮೇರೆಗೆ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಬಿಟ್ಟಿತು.

ಲೆಜೂನ್ ಈ ಮಕ್ಕಳ ಅಂಗೈ ಮತ್ತು ಬೆರಳಿನ ಗೆರೆಗಳನ್ನು ಅಧ್ಯಯನ ಮಾಡತೊಡಗಿದರು. ಇದು ಹಸ್ತಸಾಮುದ್ರಿಕ ಅಲ್ಲ. ಗೆರೆ ನೋಡಿ ಭವಿಷ್ಯ ಹೇಳುವುದಕ್ಕೆ ಯಾವ ಆಧಾರವೂ ಇಲ್ಲ. ಆದರೆ ಈ ಗೆರೆಗಳು ಮೂಡುವುದು ಮಗು ಗರ್ಭದಲ್ಲಿರುವ ಮೊದಲ ಕೆಲವು ತಿಂಗಳಲ್ಲಿ. ಡೌನ್ ಸಿಂಡ್ರೋಮ್ ಇರುವ ಹಲವು ಮಕ್ಕಳ ಅಂಗೈಯಲ್ಲಿ ಎರಡು ಅಡ್ಡಗೆರೆಗಳ ಬದಲು ಒಂದೇ ಗೆರೆ ಇರುತ್ತದೆ. ಅಂದರೆ ಮಗುವಿನ ಬೆಳವಣಿಗೆ ಬೇರೆ ದಾರಿ ಹಿಡಿದದ್ದು ತೀರಾ ಮೊದಲ ಹಂತದಲ್ಲೇ ಇರಬೇಕು. ಹೆರಿಗೆಯ ಹೊತ್ತಿನ ತೊಂದರೆಯೋ ಬಸುರಿನ ಕೊನೆಯ ತಿಂಗಳ ಹೆದರಿಕೆಯೋ ಇದಕ್ಕೆ ಕಾರಣವಾಗಲಾರದು. ಅಂದ ಹಾಗೆ, ಯಾವ ತೊಂದರೆಯೂ ಇಲ್ಲದ ಕೆಲವರ ಅಂಗೈಯಲ್ಲೂ ಒಂದೇ ಗೆರೆ ಇರುತ್ತದೆ. ಹಾಗಾಗಿ ಗೆರೆ ನೋಡಿ ಯಾರೂ ಗಾಬರಿಯಾಗಬೇಕಿಲ್ಲ.

ಕಾರಣ ಜೀವಕೋಶದೊಳಗಿನ ವರ್ಣತಂತುಗಳಲ್ಲಿ ಇರಬಹುದು ಎಂಬ ಊಹೆ ಹೊಸದಲ್ಲ. ನೆದರ್ಲೆಂಡ್ಸ್‌ನ ವಾರ್ಡನ್‌ಬರ್ಗ್ 1932ರಲ್ಲೇ ಅದನ್ನು ಬರೆದಿದ್ದರು. ಟರ್ಪಿನ್ ಕೂಡ ಅದೇ ದಶಕದಲ್ಲಿ ಹೇಳಿದ್ದರು. ಆದರೆ ಪರೀಕ್ಷಿಸುವುದು ಹೇಗೆ? ಮನುಷ್ಯನಲ್ಲಿ ಎಷ್ಟು ವರ್ಣತಂತುಗಳಿವೆ ಎಂಬುದೇ ಆಗ ಸರಿಯಾಗಿ ಗೊತ್ತಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಅವು ಬೇಯಿಸಿದ ಶಾವಿಗೆಯಂತೆ ಒಂದರ ಮೇಲೊಂದು ಬಿದ್ದು ಕಾಣುತ್ತಿದ್ದವು. 1920ರ ದಶಕದಿಂದ ಎಲ್ಲರೂ 48 ಎಂದೇ ನಂಬಿದ್ದರು. 1956ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಜೋ ಹಿನ್ ಚಿಯೋ ಮತ್ತು ಆಲ್ಬರ್ಟ್ ಲೆವಾನ್ ಕೋಶಗಳನ್ನು ಉಬ್ಬಿಸಿ, ತಂತುಗಳನ್ನು ಬಿಡಿಬಿಡಿಯಾಗಿಸಿ ಎಣಿಸಿದರು. ಸಂಖ್ಯೆ 46 ಎಂದು ಖಚಿತವಾಯಿತು.

ಒಂದು ಹುಂಜ, ಒಂದು ಪ್ರಯೋಗಾಲಯ, ಮೂವರು

ಸರಿಯಾದ ಸಂಖ್ಯೆ ಸಿಕ್ಕ ಮೇಲೆ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಎಣಿಸಿ ನೋಡುವುದೊಂದೇ ಬಾಕಿ. ಅದಕ್ಕೆ ದೇಹದಿಂದ ತೆಗೆದ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಬೇಕು. ಟರ್ಪಿನ್ ಅವರ ತಂಡದಲ್ಲಿ ಆ ಕೆಲಸ ಬಲ್ಲವರು ಒಬ್ಬರೇ, ಮಾರ್ತ್ ಗೋತಿಯೆ. ಮಕ್ಕಳ ಹೃದಯ ರೋಗಗಳ ವೈದ್ಯೆಯಾದ ಅವರು ಅಮೆರಿಕದ ಹಾರ್ವರ್ಡ್‌ನಲ್ಲಿ ಒಂದು ವರ್ಷ ತರಬೇತಿ ಪಡೆಯುವಾಗ ಕೋಶ ಬೆಳೆಸುವ ವಿದ್ಯೆಯನ್ನೂ ಕಲಿತು ಬಂದಿದ್ದರು.

ಪ್ಯಾರಿಸ್‌ನ ಟ್ರೂಸೋ ಆಸ್ಪತ್ರೆಯಲ್ಲಿ ಗೋತಿಯೆಗೆ ಒಂದು ಕೋಣೆ ಸಿಕ್ಕಿತು. ಕೋಶಗಳಿಗೆ ಬೇಕಾದ ಪೋಷಕ ದ್ರವವನ್ನು ಅವರೇ ತಯಾರಿಸಿಕೊಳ್ಳಬೇಕಿತ್ತು. ಅದಕ್ಕಾಗಿ ಅವರು ಒಂದು ಹುಂಜ ಸಾಕಿ ಅದರ ರಕ್ತ ತೆಗೆದರು, ಮೊಟ್ಟೆಯೊಳಗಿನ ಕೋಳಿ ಭ್ರೂಣದಿಂದ ರಸ ತೆಗೆದರು. ಮನುಷ್ಯ ರಕ್ತ ಬೇಕಾದಾಗ ತಮ್ಮದೇ ರಕ್ತ ಬಳಸಿದರು. ಮೊದಲು ಸಾಮಾನ್ಯ ಮಕ್ಕಳ ಕೋಶಗಳಲ್ಲಿ 46 ತಂತುಗಳು ಬರುತ್ತವೆಯೇ ಎಂದು ನೋಡಿಕೊಂಡರು. ಆಮೇಲೆ ಡೌನ್ ಸಿಂಡ್ರೋಮ್ ಇರುವ ಮಗುವಿನ ಅಂಗಾಂಶವನ್ನು ಬೆಳೆಸಿದರು. ಅಲ್ಲಿ ಒಂದು ಹೆಚ್ಚು ಕಂಡಿತು, ಒಂದು ಪುಟ್ಟ ತಂತು. ಒಟ್ಟು 47.

ಗೋತಿಯೆ ಬಳಿ ಇದ್ದ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಇರಲಿಲ್ಲ. ಚಿತ್ರ ತೆಗೆಯಲು ಲೆಜೂನ್ ಅವರ ಗಾಜಿನ ಪಟ್ಟಿಗಳನ್ನು ತೆಗೆದುಕೊಂಡು ಹೋದರು. ಲೆಜೂನ್ ಟಿಪ್ಪಣಿ ಪುಸ್ತಕದಲ್ಲಿ 47ರ ಎಣಿಕೆ ದಾಖಲಾಗಿರುವುದು 1958ರ ಮೇ 22ರಂದು. ಆ ವರ್ಷ ಮಾಂಟ್ರಿಯಲ್‌ನಲ್ಲಿ ಅವರು ಈ ಫಲಿತಾಂಶದ ಬಗ್ಗೆ ಮಾತನಾಡಿದರು. 1959ರ ಜನವರಿ 26ರಂದು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಬಂಧ ಬಂತು. ಲೇಖಕರ ಪಟ್ಟಿಯಲ್ಲಿ ಲೆಜೂನ್ ಮೊದಲು, ಟರ್ಪಿನ್ ಕೊನೆಗೆ. ನಡುವೆ ಇದ್ದ ಗೋತಿಯೆ ಹೆಸರು ಅಚ್ಚಾಗುವಾಗ ತಪ್ಪಾಗಿತ್ತು. ಕೆಲವೇ ವಾರಗಳಲ್ಲಿ ಒಂಬತ್ತು ಮಕ್ಕಳ ಫಲಿತಾಂಶವಿದ್ದ ಇನ್ನೊಂದು ಪ್ರಬಂಧ ಬಂತು.

ಗೋತಿಯೆ ಮತ್ತೆ ಮಕ್ಕಳ ಚಿಕಿತ್ಸೆಗೆ ಮರಳಿದರು. ಐವತ್ತು ವರ್ಷಗಳ ನಂತರ, 2009ರಲ್ಲಿ, ತಮ್ಮ ಕಡೆಯ ಕಥೆಯನ್ನು ಬರೆದರು. ಅವರ ಪ್ರಕಾರ ಆ ಗಾಜಿನ ಪಟ್ಟಿಗಳು ಅವರಿಗೆ ಮರಳಿ ಬರಲೇ ಇಲ್ಲ. ಫ್ರಾನ್ಸಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆ ಇನ್ಸರ್ಮ್‌ನ ನೈತಿಕ ಸಮಿತಿ 2014ರಲ್ಲಿ ದಾಖಲೆಗಳನ್ನು ಪರಿಶೀಲಿಸಿತು. ಕೋಶ ಬೆಳೆಸುವ ವಿಧಾನವಿಲ್ಲದೆ ಈ ಶೋಧ ಆಗುತ್ತಿರಲಿಲ್ಲ, ಮೊದಲ ಹಂತದಲ್ಲಿ ಲೆಜೂನ್ ಪಾತ್ರ ಪ್ರಧಾನವಾಗಿದ್ದಿರುವ ಸಾಧ್ಯತೆ ಕಡಿಮೆ ಎಂದು ಅದು ಅಭಿಪ್ರಾಯಪಟ್ಟಿತು. ಲೆಜೂನ್ ಹೆಸರಿನ ಪ್ರತಿಷ್ಠಾನ ಇದನ್ನು ಒಪ್ಪುವುದಿಲ್ಲ. ಗೋತಿಯೆ 2022ರಲ್ಲಿ ತೀರಿಕೊಂಡರು. ಲೆಜೂನ್ ಒಬ್ಬರೇ ಕಂಡುಹಿಡಿದರು ಎಂದು ಬರೆಯುವ ಪುಸ್ತಕಗಳು ಈಗಲೂ ಇವೆ. ಅದು ಸರಿಯಲ್ಲ. ಲೆಜೂನ್ ಏನೂ ಮಾಡಲಿಲ್ಲ ಎನ್ನುವುದೂ ಸರಿಯಲ್ಲ. ಚಿತ್ರ ತೆಗೆದು, ವಿಶ್ಲೇಷಿಸಿ, ಜಗತ್ತಿಗೆ ತಿಳಿಸಿದವರಲ್ಲಿ ಅವರೇ ಮುಂದಿದ್ದರು.

ಎಣಿಕೆ ಹೇಳಿದ್ದೇನು?

ನಮ್ಮ ಪ್ರತಿ ಜೀವಕೋಶದಲ್ಲೂ 23 ಜೊತೆ ವರ್ಣತಂತುಗಳಿರುತ್ತವೆ. ಪ್ರತಿ ಜೊತೆಯಲ್ಲೂ ಒಂದು ತಾಯಿಯದು, ಒಂದು ತಂದೆಯದು. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗ ಜೊತೆಗಳು ಬೇರ್ಪಟ್ಟು ಒಂದೊಂದೇ ಹೋಗಬೇಕು. ಕೆಲವೊಮ್ಮೆ ಒಂದು ಜೊತೆ ಬೇರ್ಪಡದೆ ಎರಡೂ ಒಟ್ಟಿಗೆ ಹೋಗಿಬಿಡುತ್ತವೆ. ಅಂತಹ ಅಂಡಾಣುವಿಗೆ ವೀರ್ಯಾಣುವಿನ ಒಂದು ಸೇರಿದಾಗ ಆ ತಂತು ಮೂರಾಗುತ್ತದೆ. 21ನೇ ತಂತು ಮೂರಾದರೆ ಅದೇ ಡೌನ್ ಸಿಂಡ್ರೋಮ್. ಇದಕ್ಕೆ ಟ್ರೈಸೊಮಿ 21 ಎಂಬ ಹೆಸರೂ ಇದೆ. ತಂತುಗಳಿಗೆ ದೊಡ್ಡದರಿಂದ ಚಿಕ್ಕದಕ್ಕೆ ಸಂಖ್ಯೆ ಕೊಟ್ಟಾಗ ಇದು 21ನೆಯದಾಯಿತು. ನಿಜಕ್ಕೂ ಅದು 22ನೆಯದಕ್ಕಿಂತ ಚಿಕ್ಕದು ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಡೌನ್ ಸಿಂಡ್ರೋಮ್ ಎಂದರೆ 21 ಎಂಬುದು ಬಳಕೆಯಲ್ಲಿ ಬೇರೂರಿತ್ತು, ಸಂಖ್ಯೆಯನ್ನು ಬದಲಿಸಲಿಲ್ಲ.

ತಾಯಿಯ ವಯಸ್ಸು ಹೆಚ್ಚಾದಂತೆ ಇದರ ಸಾಧ್ಯತೆ ಹೆಚ್ಚುತ್ತದೆ. 25ರ ವಯಸ್ಸಿನಲ್ಲಿ ಸಾವಿರಕ್ಕೂ ಹೆಚ್ಚು ಹೆರಿಗೆಗೆ ಒಂದು ಇದ್ದದ್ದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು ಆಗುತ್ತದೆ. ಇದಕ್ಕೆ ಕಾರಣ ಹೆಣ್ಣಿನ ದೇಹದ ಒಂದು ವಿಶೇಷ. ಅಂಡಾಣುಗಳು ತಯಾರಾಗಲು ಶುರುವಾಗುವುದು ಆಕೆ ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ. ಆಮೇಲೆ ಅವು ಅರ್ಧಕ್ಕೆ ನಿಂತು ವರ್ಷಗಟ್ಟಲೆ ಕಾಯುತ್ತವೆ. 40ರ ಹೆಂಗಸಿನ ಅಂಡಾಣು 40 ವರ್ಷ ಕಾದಿರುತ್ತದೆ. ಇದರಲ್ಲಿ ಆಕೆಯ ತಪ್ಪೇನೂ ಇಲ್ಲ. ಆಕೆ ತಿಂದ ಪಪ್ಪಾಯಿಯಾಗಲಿ ಆಕಾಶದ ಗ್ರಹಣವಾಗಲಿ ಈ ಬೇರ್ಪಡುವಿಕೆಯನ್ನು ಮುಟ್ಟುವುದಿಲ್ಲ. ಹಾಗೆಂದು ಚಿಕ್ಕ ವಯಸ್ಸಿನ ತಾಯಂದಿರಿಗೆ ಇಂಥ ಮಗು ಹುಟ್ಟುವುದೇ ಇಲ್ಲ ಎಂದೂ ಅಲ್ಲ. ಹೆಚ್ಚಿನ ಹೆರಿಗೆಗಳು ಚಿಕ್ಕ ವಯಸ್ಸಿನಲ್ಲೇ ಆಗುವ ಕಡೆ ಇಂಥ ಮಕ್ಕಳಲ್ಲೂ ಅನೇಕರು ಚಿಕ್ಕ ವಯಸ್ಸಿನ ತಾಯಂದಿರಿಗೇ ಹುಟ್ಟುತ್ತಾರೆ.

ಡೌನ್ ಸಿಂಡ್ರೋಮ್ ಇರುವ ನೂರರಲ್ಲಿ ಸುಮಾರು 95 ಮಂದಿಯಲ್ಲಿ ಇಡೀ ಒಂದು ತಂತು ಬಿಡಿಯಾಗಿ ಹೆಚ್ಚಿರುತ್ತದೆ. ಉಳಿದವರಲ್ಲಿ ಹೆಚ್ಚಿನವರಿಗೆ ಅದು ಬೇರೊಂದು ತಂತುವಿಗೆ ಅಂಟಿಕೊಂಡಿರುತ್ತದೆ. ಕೆಲವರಲ್ಲಿ ದೇಹದ ಕೆಲವು ಕೋಶಗಳಲ್ಲಿ ಮಾತ್ರ ಹೆಚ್ಚುವರಿ ತಂತು ಇರುತ್ತದೆ. ಈ ವ್ಯತ್ಯಾಸ ಯಾಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಹೆಸರು ಬಂತು, ವಿರೋಧವೂ ಶುರುವಾಯಿತು

ಲೆಜೂನ್‌ಗೆ ಮನ್ನಣೆ ಬೇಗ ಸಿಕ್ಕಿತು. 1962ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ತಮ್ಮ ಕುಟುಂಬದ ಪ್ರತಿಷ್ಠಾನದ ಪ್ರಶಸ್ತಿಯನ್ನು ಅವರಿಗೆ ಕೊಟ್ಟರು. 1963ರಲ್ಲಿ ಲೆಜೂನ್ ಮತ್ತು ಸಂಗಡಿಗರು 5ನೇ ತಂತುವಿನ ಒಂದು ತುಂಡು ಇಲ್ಲದಿರುವುದರಿಂದ ಬರುವ ತೊಂದರೆಯನ್ನು ವಿವರಿಸಿದರು. ಈ ಶಿಶುಗಳ ಅಳು ಬೆಕ್ಕಿನ ಮರಿ ಕೂಗಿದಂತಿರುವುದರಿಂದ ಅದಕ್ಕೆ ಬೆಕ್ಕಿನ ಕೂಗು ಎಂಬ ಅರ್ಥದ ಫ್ರೆಂಚ್ ಹೆಸರೇ ನಿಂತಿತು. 1964ರಲ್ಲಿ ಪ್ಯಾರಿಸ್ ವೈದ್ಯಕೀಯ ಶಾಲೆಯಲ್ಲಿ ತಳಿವಿಜ್ಞಾನದ ಪ್ರಾಧ್ಯಾಪಕರಾದರು. ನೆಕ್ಕೇರ್ ಮಕ್ಕಳ ಆಸ್ಪತ್ರೆಯಲ್ಲಿ ಅವರು ನಡೆಸುತ್ತಿದ್ದ ಚಿಕಿತ್ಸಾಲಯಕ್ಕೆ ಬೇರೆ ಬೇರೆ ದೇಶಗಳಿಂದ ಸಾವಿರಾರು ಕುಟುಂಬಗಳು ಬಂದವು. ಇಲ್ಲಿ ಅವರು ಮಗುವಿನ ಜೊತೆ ಮಾತಾಡಿ, ತಂದೆತಾಯಿಗೆ ಕಾರಣ ತಿಳಿಸಿ, ಇದು ಯಾರ ತಪ್ಪೂ ಅಲ್ಲ ಎಂದು ಹೇಳಿ ಕಳಿಸುತ್ತಿದ್ದರು.

ಅವರ ದೊಡ್ಡ ಆಸೆ ಚಿಕಿತ್ಸೆ ಕಂಡುಹಿಡಿಯುವುದು. ಕಾರಣ ಗೊತ್ತಾದ ಮೇಲೆ ಔಷಧವೂ ಸಿಗಬೇಕು ಎಂದು ನಂಬಿ, ದೇಹದ ರಾಸಾಯನಿಕ ಕ್ರಿಯೆಗಳಲ್ಲಿ ಎಲ್ಲಿ ಏರುಪೇರಾಗುತ್ತದೆ ಎಂದು ಹುಡುಕಿದರು. ಬದುಕಿರುವವರೆಗೂ ಅದು ಕೈಗೂಡಲಿಲ್ಲ.

ಅಷ್ಟರಲ್ಲಿ ಬೇರೆ ಕಡೆ ಇನ್ನೊಂದು ದಾರಿ ತೆರೆದುಕೊಂಡಿತ್ತು. ಗರ್ಭದಲ್ಲಿ ಮಗುವಿನ ಸುತ್ತ ಇರುವ ನೀರಿನಲ್ಲಿ ಮಗುವಿನ ಕೋಶಗಳು ತೇಲುತ್ತಿರುತ್ತವೆ. ಹೊಟ್ಟೆಯ ಮೂಲಕ ಸೂಜಿ ಹಾಕಿ ಆ ನೀರನ್ನು ಸ್ವಲ್ಪ ತೆಗೆಯುವ ವಿಧಾನವೇ ಆಮ್ನಿಯೋಸೆಂಟೆಸಿಸ್. 1966ರಲ್ಲಿ ಅಮೆರಿಕದ ಸ್ಟೀಲ್ ಮತ್ತು ಬ್ರೆಗ್ ಈ ಕೋಶಗಳನ್ನು ಬೆಳೆಸಿ ವರ್ಣತಂತುಗಳನ್ನು ಎಣಿಸಬಹುದು ಎಂದು ತೋರಿಸಿದರು. 1968ರಲ್ಲಿ ಗರ್ಭದಲ್ಲಿದ್ದಾಗಲೇ ಡೌನ್ ಸಿಂಡ್ರೋಮ್ ಪತ್ತೆಯಾದ ಮೊದಲ ಪ್ರಕರಣ ಪ್ರಕಟವಾಯಿತು. ಹೀಗೆ ಪತ್ತೆಯಾದಾಗ ಹಲವು ದಂಪತಿಗಳು ಬಸುರು ಮುಂದುವರಿಸದಿರಲು ನಿರ್ಧರಿಸುತ್ತಿದ್ದರು. ಕಾನೂನುಗಳೂ ಒಂದೊಂದಾಗಿ ಅದಕ್ಕೆ ಅವಕಾಶ ಕೊಡತೊಡಗಿದವು.

ಲೆಜೂನ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಅವರು ಶ್ರದ್ಧೆಯುಳ್ಳ ಕ್ಯಾಥೊಲಿಕ್. ಜೊತೆಗೆ, ರೋಗಿಯನ್ನು ಇಲ್ಲವಾಗಿಸುವುದು ರೋಗಕ್ಕೆ ಮದ್ದಲ್ಲ ಎಂಬುದು ವೈದ್ಯರಾಗಿ ಅವರ ವಾದ. 1969ರಲ್ಲಿ ಅಮೆರಿಕದ ಮಾನವ ತಳಿವಿಜ್ಞಾನ ಸಂಘ ತನ್ನ ದೊಡ್ಡ ಗೌರವವಾದ ವಿಲಿಯಂ ಆಲನ್ ಪ್ರಶಸ್ತಿಯನ್ನು ಕೊಟ್ಟಾಗ, ಸ್ಯಾನ್ ಫ್ರಾನ್ಸಿಸ್ಕೋದ ಅದೇ ವೇದಿಕೆಯಲ್ಲಿ ತಮ್ಮ ಸಹೋದ್ಯೋಗಿಗಳೆದುರು ಇದನ್ನೇ ಹೇಳಿದರು. ಸಭೆಯಲ್ಲಿದ್ದ ಹಲವರಿಗೆ ಅದು ಇಷ್ಟವಾಗಲಿಲ್ಲ. ಫ್ರಾನ್ಸಿನಲ್ಲಿ 1975ರ ಗರ್ಭಪಾತ ಕಾಯ್ದೆಯ ಚರ್ಚೆಯಲ್ಲೂ ಅವರು ವಿರೋಧದ ಕಡೆಯ ಪ್ರಮುಖ ದನಿಯಾಗಿದ್ದರು.

ಎದುರು ಬದಿಯ ಮಾತಿಗೂ ತೂಕವಿತ್ತು. ಆಗ ಈ ಮಕ್ಕಳಿಗೆ ಶಾಲೆಗಳಿರಲಿಲ್ಲ, ಬಹುಪಾಲು ದೇಶಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆಯೂ ಸಿಗುತ್ತಿರಲಿಲ್ಲ. ತಂದೆತಾಯಿ ಕಾಲವಾದ ಮೇಲೆ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಚಿಂತೆ ಇತ್ತು. ಬಸುರನ್ನು ಮುಂದುವರಿಸಬೇಕೇ ಎಂದು ನಿರ್ಧರಿಸಬೇಕಾದವಳು ಅದನ್ನು ಹೊರುವ ಹೆಂಗಸೇ ಎಂಬ ಹಕ್ಕಿನ ಪ್ರಶ್ನೆಯೂ ಇತ್ತು. ಈ ಚರ್ಚೆ ಇಂದಿಗೂ ಮುಗಿದಿಲ್ಲ. ವಿಜ್ಞಾನ ಅದನ್ನು ಮುಗಿಸಲೂ ಆರದು. ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನಷ್ಟೇ ಅದು ಸ್ಪಷ್ಟಪಡಿಸಬಲ್ಲದು.

ಹೊಳೆಯುವ ಚುಕ್ಕಿಗಳು

ಗರ್ಭದ ನೀರಿನ ಪರೀಕ್ಷೆಯಲ್ಲಿ ಒಂದು ದೊಡ್ಡ ಕಷ್ಟವಿತ್ತು. ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದು ಕೋಶ ವಿಭಜನೆಯಾಗುವ ಹೊತ್ತಿನಲ್ಲಿ ಮಾತ್ರ. ಉಳಿದ ಸಮಯದಲ್ಲಿ ಅವು ಕೋಶಕೇಂದ್ರದೊಳಗೆ ಬಿಚ್ಚಿಹರಡಿರುತ್ತವೆ. ಆದ್ದರಿಂದ ಕೋಶಗಳನ್ನು ಬೆಳೆಸಿ, ಅವು ವಿಭಜನೆಯಾಗುವ ತನಕ ಕಾಯಬೇಕು. ಫಲಿತಾಂಶಕ್ಕೆ ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತಿತ್ತು. ನೀರು ತೆಗೆಯುವುದೇ ಸಾಮಾನ್ಯವಾಗಿ 15 ವಾರ ಕಳೆದ ಮೇಲೆ. ಆಮೇಲಿನ ಎರಡು ವಾರದ ಕಾಯುವಿಕೆ ಯಾವ ಕುಟುಂಬಕ್ಕೂ ಸುಲಭವಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಫಿಶ್. ಹೆಸರಿಗೂ ಮೀನಿಗೂ ಸಂಬಂಧವಿಲ್ಲ. ಇದು ಫ್ಲೋರೊಸೆನ್ಸ್ ಇನ್ ಸಿಟು ಹೈಬ್ರಿಡೈಸೇಶನ್ ಎಂಬುದರ ಮೊದಲಕ್ಷರಗಳಿಂದಾದ ಹೆಸರು. ಡಿಎನ್ಎಯನ್ನು ಕೋಶದಿಂದ ಹೊರತೆಗೆಯದೆ, ಇದ್ದ ಜಾಗದಲ್ಲೇ ಅದಕ್ಕೆ ಹೊಳೆಯುವ ಗುರುತು ಅಂಟಿಸುವುದು ಎಂದು ಅರ್ಥ.

ಡಿಎನ್ಎಯಲ್ಲಿ ಎರಡು ಎಳೆಗಳು ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಒಂದು ಎಳೆಯ ಅಕ್ಷರಗಳಿಗೆ ಹೊಂದುವ ಅಕ್ಷರಗಳೇ ಇನ್ನೊಂದರಲ್ಲಿ ಇರುತ್ತವೆ. ಬಿಸಿ ಮಾಡಿದರೆ ಎಳೆಗಳು ಬಿಡುತ್ತವೆ, ತಣ್ಣಗಾದರೆ ತನ್ನ ಜೋಡಿಯನ್ನು ಹುಡುಕಿ ಮತ್ತೆ ಕೂಡಿಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ 21ನೇ ತಂತುವಿನ ಒಂದು ಭಾಗಕ್ಕೆ ಮಾತ್ರ ಹೊಂದುವ ಡಿಎನ್ಎ ತುಂಡುಗಳನ್ನು ತಯಾರಿಸಿ ಅವಕ್ಕೆ ಹೊಳೆಯುವ ಬಣ್ಣ ಸೇರಿಸುತ್ತಾರೆ. ಇವೇ ಶೋಧಕಗಳು, ಅಂದರೆ ಪ್ರೋಬ್‌ಗಳು. ಗಾಜಿನ ಪಟ್ಟಿಯ ಮೇಲಿನ ಕೋಶಗಳನ್ನು ಬಿಸಿ ಮಾಡಿ ಎಳೆಗಳನ್ನು ಬಿಡಿಸಿ, ಶೋಧಕ ಹಾಕಿ, ಕೆಲವು ಗಂಟೆ ಬಿಡುತ್ತಾರೆ. ಶೋಧಕ ತನ್ನ ಜೋಡಿಗೆ ಅಂಟುತ್ತದೆ, ಅಂಟದೆ ಉಳಿದದ್ದನ್ನು ತೊಳೆಯುತ್ತಾರೆ. ವಿಶೇಷ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕತ್ತಲ ನಡುವೆ ಚುಕ್ಕಿಗಳು ಹೊಳೆಯುತ್ತವೆ. ಎರಡು ಚುಕ್ಕಿ ಇದ್ದರೆ 21ನೇ ತಂತು ಎರಡಿದೆ. ಹೆಚ್ಚಿನ ಕೋಶಗಳಲ್ಲಿ ಮೂರು ಚುಕ್ಕಿ ಇದ್ದರೆ ಮೂರಿದೆ.

ಕೋಶ ವಿಭಜನೆಯಾಗುವವರೆಗೆ ಇಲ್ಲಿ ಕಾಯಬೇಕಿಲ್ಲ. ತಂತು ಬಿಚ್ಚಿಹರಡಿದ್ದರೂ ಚುಕ್ಕಿ ಕಾಣುತ್ತದೆ. ಹಾಗಾಗಿ ಫಲಿತಾಂಶ ಒಂದೆರಡು ದಿನದಲ್ಲೇ ಸಿಗುತ್ತದೆ.

ಈ ವಿಧಾನವನ್ನು ಯಾರೋ ಒಬ್ಬರು ಕಂಡುಹಿಡಿಯಲಿಲ್ಲ. 1969ರಲ್ಲಿ ಅಮೆರಿಕದ ಜೋಸೆಫ್ ಗಾಲ್ ಮತ್ತು ಮೇರಿ ಲೂ ಪಾರ್ಡ್ಯೂ ವಿಕಿರಣ ಹೊಮ್ಮಿಸುವ ಗುರುತುಗಳಿಂದ ಇದನ್ನು ಮಾಡಿ ತೋರಿಸಿದ್ದರು. 1980ರ ಸುಮಾರಿಗೆ ವಿಕಿರಣದ ಬದಲು ಹೊಳೆಯುವ ಬಣ್ಣಗಳು ಬಂದವು. 1986ರಲ್ಲಿ ಡಾನ್ ಪಿಂಕೆಲ್ ಮತ್ತು ಜೋ ಗ್ರೇ ಅವರ ತಂಡ ಮನುಷ್ಯ ವರ್ಣತಂತುಗಳಿಗೆ ಇದನ್ನು ಒಗ್ಗಿಸಿತು. ಜರ್ಮನಿಯ ಥಾಮಸ್ ಕ್ರೆಮರ್ ಮತ್ತು ಸಂಗಡಿಗರು ವಿಭಜನೆಯಾಗದ ಕೋಶಗಳಲ್ಲೂ ಎಣಿಕೆ ಸಾಧ್ಯ ಎಂದು ತೋರಿಸಿದರು. 1992ರಲ್ಲಿ ಅಮೆರಿಕದ ಕ್ಯಾಥರೀನ್ ಕ್ಲಿಂಗರ್ ಅವರ ತಂಡ ಗರ್ಭದ ನೀರಿನ ಕೋಶಗಳನ್ನು ಬೆಳೆಸದೆ ನೇರವಾಗಿ 13, 18, 21, ಎಕ್ಸ್ ಮತ್ತು ವೈ ತಂತುಗಳನ್ನು ಎಣಿಸಿದ ಫಲಿತಾಂಶವನ್ನು ಪ್ರಕಟಿಸಿತು. ಹುಟ್ಟುವ ಶಿಶುಗಳಲ್ಲಿ ಕಾಣುವ ವರ್ಣತಂತು ಸಂಖ್ಯೆಯ ವ್ಯತ್ಯಾಸಗಳಲ್ಲಿ ಹೆಚ್ಚಿನವು ಈ ಐದಕ್ಕೆ ಸೇರಿದವು.

ಇಲ್ಲಿ ಒಂದು ಸ್ವಾರಸ್ಯವಿದೆ. 18, ಎಕ್ಸ್, ವೈ ತಂತುಗಳಿಗೆ ಶೋಧಕವನ್ನು ತಂತುವಿನ ನಡುಗಂಟಿನ ಸುತ್ತಲಿನ ಭಾಗಕ್ಕೆ ಅಂಟಿಸುತ್ತಾರೆ. ಅಲ್ಲಿ ಒಂದೇ ಬರಹ ಸಾವಿರಾರು ಬಾರಿ ಮತ್ತೆ ಮತ್ತೆ ಬರುವುದರಿಂದ ಚುಕ್ಕಿ ಪ್ರಕಾಶಮಾನವಾಗಿರುತ್ತದೆ. ಆದರೆ 13 ಮತ್ತು 21ನೇ ತಂತುಗಳ ನಡುಗಂಟಿನ ಬರಹ ಬಹುತೇಕ ಒಂದೇ. ಅಲ್ಲಿ ಶೋಧಕ ಹಾಕಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಅದಕ್ಕೇ ಈ ಎರಡಕ್ಕೆ ಬೇರೆ ಜಾಗದಲ್ಲಿ, ಅವುಗಳದ್ದೇ ಆದ ಬರಹಕ್ಕೆ ಶೋಧಕ ಮಾಡುತ್ತಾರೆ.

ಕೇಳಿದಷ್ಟಕ್ಕೇ ಉತ್ತರ

ಫಿಶ್ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. 21ಕ್ಕೆ ಶೋಧಕ ಹಾಕಿದರೆ 21 ಎಷ್ಟಿದೆ ಎಂದಷ್ಟೇ ಹೇಳುತ್ತದೆ. 5ನೇ ತಂತುವಿನ ತುಂಡು ಕಾಣೆಯಾಗಿದ್ದರೆ, ಅಂದರೆ ಲೆಜೂನ್ ವಿವರಿಸಿದ ಇನ್ನೊಂದು ತೊಂದರೆ ಮಗುವಿನಲ್ಲಿದ್ದರೆ, ಐದು ತಂತುಗಳ ಈ ಸಾಮಾನ್ಯ ಫಿಶ್‌ನಲ್ಲಿ ಅದು ಕಾಣುವುದಿಲ್ಲ. ಫಿಶ್ ಸರಿಯಾಗಿದೆ ಎಂದರೆ ಮಗುವಿಗೆ ಯಾವ ತೊಂದರೆಯೂ ಇಲ್ಲ ಎಂದಲ್ಲ.

ಮೂರು ಚುಕ್ಕಿ ಕಂಡಾಗಲೂ ಆ ಮೂರನೆಯದು ಬಿಡಿಯಾಗಿದೆಯೋ ಬೇರೆ ತಂತುವಿಗೆ ಅಂಟಿಕೊಂಡಿದೆಯೋ ಎಂದು ಈ ಎಣಿಕೆಯಿಂದ ತಿಳಿಯದು. ಅಂಟಿಕೊಂಡಿದ್ದರೆ ಅದು ತಂದೆ ಅಥವಾ ತಾಯಿಯಿಂದ ಬಂದಿರಬಹುದು. ಆಗ ಮುಂದಿನ ಮಗುವಿನ ಲೆಕ್ಕಾಚಾರವೇ ಬೇರೆ. ಕೆಲವು ಕೋಶಗಳಲ್ಲಿ ಮಾತ್ರ ಹೆಚ್ಚುವರಿ ತಂತು ಇದ್ದರೂ ಅರ್ಥೈಸುವುದು ಕಷ್ಟ. ತೆಗೆದ ನೀರಿನಲ್ಲಿ ತಾಯಿಯ ರಕ್ತ ಬೆರೆತಿದ್ದರೂ ಗೊಂದಲವಾಗುತ್ತದೆ. ಆದ್ದರಿಂದ ಫಿಶ್ ಜೊತೆಗೆ ಪೂರ್ಣ ವರ್ಣತಂತು ಪರೀಕ್ಷೆ ಅಥವಾ ಅಂಥದ್ದೇ ವಿವರವಾದ ಇನ್ನೊಂದು ಪರೀಕ್ಷೆ, ಮತ್ತು ಸ್ಕ್ಯಾನಿಂಗ್ ವರದಿಯನ್ನು ಸೇರಿಸಿ ನೋಡುವುದು ಪದ್ಧತಿ.

ಇನ್ನೊಂದು ಗೊಂದಲ ತುಂಬಾ ಸಾಮಾನ್ಯ. ಮೊದಲ ತಿಂಗಳುಗಳಲ್ಲಿ ಮಾಡುವ ರಕ್ತ ಪರೀಕ್ಷೆ ಮತ್ತು ಕುತ್ತಿಗೆ ಹಿಂಭಾಗದ ಸ್ಕ್ಯಾನ್ ಸಾಧ್ಯತೆ ಹೆಚ್ಚಿದೆಯೇ ಕಡಿಮೆಯಿದೆಯೇ ಎಂದು ಮಾತ್ರ ಹೇಳುತ್ತವೆ. ತಾಯಿಯ ರಕ್ತದಲ್ಲಿ ತೇಲುವ ಡಿಎನ್ಎ ನೋಡುವ ಇತ್ತೀಚಿನ ಪರೀಕ್ಷೆ ಹೆಚ್ಚು ನಿಖರವಾದರೂ ಅದೂ ಇದೇ ಗುಂಪಿನದು. ಸಾಧ್ಯತೆ ಹೆಚ್ಚು ಎಂದು ಬಂದವರಲ್ಲಿ ಅನೇಕರಿಗೆ ಸಾಮಾನ್ಯ ಮಗುವೇ ಹುಟ್ಟುತ್ತದೆ. ಖಚಿತಪಡಿಸಿಕೊಳ್ಳಲು ಮಗುವಿನ ಸುತ್ತಲಿನ ನೀರು ಅಥವಾ ಬೆಳೆಯುತ್ತಿರುವ ಮಾಸುವಿನ ತುಣುಕು ಬೇಕು. ಇದರಿಂದ ಗರ್ಭ ಹೋಗುವ ಅಪಾಯ ಅನುಭವಿ ವೈದ್ಯರ ಕೈಯಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ. ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಇನ್ನು, ಮಗು ಹೇಗೆ ಬೆಳೆಯುತ್ತದೆ, ಎಷ್ಟು ಓದುತ್ತದೆ ಎಂಬುದನ್ನು ಯಾವ ಚುಕ್ಕಿಯೂ ಹೇಳುವುದಿಲ್ಲ. ಒಂದೇ ಎಣಿಕೆ ಇರುವ ಇಬ್ಬರು ಮಕ್ಕಳ ಬದುಕು ಬೇರೆ ಬೇರೆ ಇರಬಹುದು. ಡೌನ್ ಸಿಂಡ್ರೋಮ್ ಇರುವ ಶಿಶುಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ. ಅದಕ್ಕೆ ಶಸ್ತ್ರಚಿಕಿತ್ಸೆ ಸಿಗುವ ದೇಶಗಳಲ್ಲಿ, 1980ರ ದಶಕದ ಆರಂಭದಲ್ಲಿ 25 ವರ್ಷದ ಆಸುಪಾಸಿನಲ್ಲಿದ್ದ ಸರಾಸರಿ ಆಯಸ್ಸು ಈಗ 60ರ ಹತ್ತಿರ ಬಂದಿದೆ. ಹೆಚ್ಚಿನ ಅಂತರ ಬಂದದ್ದು ಚಿಕಿತ್ಸೆ, ಶಾಲೆ ಮತ್ತು ಆರೈಕೆಯಿಂದ.

1994

1994ರ ಫೆಬ್ರವರಿಯಲ್ಲಿ ಪೋಪ್ ಎರಡನೇ ಜಾನ್ ಪಾಲ್ ಜೀವ ರಕ್ಷಣೆಗೆಂದು ಹೊಸ ಅಕಾಡೆಮಿಯೊಂದನ್ನು ಸ್ಥಾಪಿಸಿ ಲೆಜೂನ್ ಅವರನ್ನು ಅದರ ಮೊದಲ ಅಧ್ಯಕ್ಷರನ್ನಾಗಿ ಮಾಡಿದರು. ಅಷ್ಟರಲ್ಲಿ ಲೆಜೂನ್‌ಗೆ ಶ್ವಾಸಕೋಶದ ಕ್ಯಾನ್ಸರ್ ಬಲಿತಿತ್ತು. ಕೆಲವೇ ವಾರಗಳಲ್ಲಿ, ಏಪ್ರಿಲ್ 3ರ ಈಸ್ಟರ್ ಭಾನುವಾರ ಅವರು ತೀರಿಕೊಂಡರು. 67 ವರ್ಷವಾಗಿತ್ತು. ಪತ್ನಿ ಬಿರ್ತೆ ಮತ್ತು ಸಂಗಡಿಗರು ಅವರ ಹೆಸರಿನಲ್ಲಿ ಸ್ಥಾಪಿಸಿದ ಪ್ರತಿಷ್ಠಾನ ಡೌನ್ ಸಿಂಡ್ರೋಮ್ ಇರುವವರ ಚಿಕಿತ್ಸೆ ಮತ್ತು ಸಂಶೋಧನೆಯನ್ನು ಮುಂದುವರಿಸಿದೆ.

ಅದೇ 1994ರಲ್ಲಿ ಭಾರತದಲ್ಲೂ ಇದೇ ಪರೀಕ್ಷೆಯ ಸುತ್ತ ಒಂದು ನಿರ್ಧಾರವಾಯಿತು. ಇಲ್ಲಿ ಆಮ್ನಿಯೋಸೆಂಟೆಸಿಸ್ ಬಂದದ್ದು 1970ರ ದಶಕದಲ್ಲಿ, ಮಗುವಿನ ತೊಂದರೆಗಳನ್ನು ಪತ್ತೆ ಮಾಡಲೆಂದು. ಬಹಳ ಬೇಗ ಅದು ಹೆಣ್ಣು ಭ್ರೂಣವನ್ನು ಗುರುತಿಸಿ ತೆಗೆಸುವ ದಂಧೆಯಾಯಿತು. ಐದು ತಂತುಗಳ ಫಿಶ್‌ನಲ್ಲಿ ಎಕ್ಸ್ ಮತ್ತು ವೈ ಚುಕ್ಕಿಗಳೂ ಕಾಣುವುದರಿಂದ ಅಪಾಯ ಅಲ್ಲೂ ಇತ್ತು. ಸಂಸತ್ತು 1994ರಲ್ಲಿ ಒಪ್ಪಿದ ಕಾಯ್ದೆ 1996ರ ಜನವರಿ 1ರಿಂದ ಜಾರಿಗೆ ಬಂತು. ವರ್ಣತಂತುಗಳ ತೊಂದರೆ ಪತ್ತೆ ಮಾಡಲು ಅದು ಅನುಮತಿ ಕೊಡುತ್ತದೆ. ಮಗು ಗಂಡೋ ಹೆಣ್ಣೋ ಎಂದು ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ತಿಳಿಸುವುದನ್ನು ಅಪರಾಧವೆನ್ನುತ್ತದೆ.

ಆ ಕಾಯ್ದೆಯಲ್ಲಿ ಅಷ್ಟಾಗಿ ಯಾರೂ ಗಮನಿಸದ ಒಂದು ಮಾತಿದೆ. ಇಂಥ ಪರೀಕ್ಷೆಗೆ ಮೊದಲು ಅದರ ಪರಿಣಾಮಗಳನ್ನು ಗರ್ಭಿಣಿಗೆ ವಿವರಿಸಬೇಕು, ಆಕೆಗೆ ಅರ್ಥವಾಗುವ ಭಾಷೆಯಲ್ಲೇ ಲಿಖಿತ ಒಪ್ಪಿಗೆ ಪಡೆಯಬೇಕು, ಅದರ ಪ್ರತಿಯನ್ನು ಆಕೆಗೆ ಕೊಡಬೇಕು. ಕನ್ನಡ ಬಲ್ಲ ಹೆಂಗಸಿಗೆ ಕನ್ನಡದಲ್ಲೇ ಒಪ್ಪಿಗೆ ಪತ್ರ ಕೇಳುವ ಹಕ್ಕಿದೆ. ಯಾವ ತಂತುಗಳನ್ನು ನೋಡುತ್ತಿದ್ದೀರಿ, ಯಾವುದನ್ನು ನೋಡುತ್ತಿಲ್ಲ, ವರದಿ ಬಂದ ಮೇಲೆ ಯಾರೊಡನೆ ಮಾತಾಡಬೇಕು ಎಂದು ಸೂಜಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಪ್ರತಿ ವರ್ಷ ಮಾರ್ಚ್ 21ರಂದು ವಿಶ್ವ ಡೌನ್ ಸಿಂಡ್ರೋಮ್ ದಿನ ನಡೆಯುತ್ತದೆ. ಮೂರನೇ ತಿಂಗಳು, 21ನೇ ದಿನ. 21ನೇ ತಂತು ಮೂರು ಎಂಬುದನ್ನು ನೆನಪಿಸುವ ದಿನಾಂಕ ಅದು. ಟ್ರೂಸೋ ಆಸ್ಪತ್ರೆಯ ಆ ಕೋಣೆಯಲ್ಲಿ ಸಿಕ್ಕ ಆ ಸಂಖ್ಯೆಯನ್ನು ಹೇಗೆ ಬಳಸಬೇಕು ಎಂಬ ಬಗ್ಗೆ ಜನರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಆದರೆ ಮಗು ಹೀಗೆ ಹುಟ್ಟಲು ತಾಯಿ ಏನು ಮಾಡಿದಳು ಎಂದು ಯಾರಾದರೂ ಕೇಳಿದರೆ, ಏನೂ ಇಲ್ಲ ಎಂಬ ಉತ್ತರ 1959ರಿಂದಲೂ ನಮ್ಮ ಬಳಿ ಇದೆ.